ಬಂದವರೂ ಬರಮಾಡಿಕೊಂಡವರೂ: ಕೇತಿ ಕಣಿವೆ ಹೇಳುವ ಪಾಠ

ಗಡಿನಾಡಿನ ಶಾಲೆಗಳಲ್ಲಿ ಕೆಲಸ ಮಾಡುವ ನಮಗೆ ಸ್ವಯಂಸೇವಕರ ತಂಡಗಳು ಹೊಸತಲ್ಲ. ೧೯೬೯ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಪ್ರಾರಂಭವಾದ ಮೇಲಂತೂ ಕಾಲೇಜಿನ ತರುಣ ತರುಣಿಯರು ಹಳ್ಳಿಗೆ ಬಂದು ಶಾಲೆಯ ಜಗಲಿಯಲ್ಲಿ ಬಿಡಾರ ಹೂಡುವುದು, ರಸ್ತೆಗೆ ಮಣ್ಣು ಹೊರುವುದು, ಗೋಡೆಗೆ ಸುಣ್ಣ ಬಳಿಯುವುದು ನಮ್ಮ ನಿತ್ಯದ ಅನುಭವಕ್ಕೆ ಸೇರಿದೆ. ಆ ದಿನಗಳಲ್ಲಿ ಅವರ ಊಟೋಪಚಾರ, ನೀರು, ದೀಪ, ಮಲಗುವ ಚಾಪೆ, ಇವೆಲ್ಲದರ ಹೊಣೆ ಊರ ಮಾಸ್ತರರ ತಲೆಯ ಮೇಲೆ ಬೀಳುವುದೂ ಹೊಸತಲ್ಲ. ಶಿಬಿರ ಮುಗಿದು ತಂಡ ಹೊರಟುಹೋದ ಮರುದಿನ ಊರಿನವರು ಜಗಲಿಯಲ್ಲಿ ಕೂತು ಆಡಿಕೊಳ್ಳುವ ಮಾತೂ ನಮಗೆ ಗೊತ್ತು. ಕೆಲವು ತಂಡಗಳನ್ನು ಊರು ವರ್ಷಗಟ್ಟಲೆ ನೆನೆಯುತ್ತದೆ. ಕೆಲವನ್ನು ಸುಣ್ಣದ ಬಣ್ಣ ಮಾಸುವ ಮುನ್ನವೇ ಮರೆಯುತ್ತದೆ.

ಈ ವ್ಯತ್ಯಾಸಕ್ಕೆ ಕಾರಣವೇನು? ದೂರದಿಂದ ಸೇವೆಗೆಂದು ಬಂದವನು ಯಾವಾಗ ಊರಿಗೆ ನೆಂಟನಾಗುತ್ತಾನೆ, ಯಾವಾಗ ಬರಿಯ ಭಾರವಾಗುತ್ತಾನೆ? ಈ ಪ್ರಶ್ನೆಗೆ ಉತ್ತರವನ್ನು ನಾವು ಉಪದೇಶದಲ್ಲಿ ಹುಡುಕದೆ ಇತಿಹಾಸದಲ್ಲಿ ಹುಡುಕುವುದು ಲೇಸು. ಕನ್ನಡ ಮಾತಾಡುವ ನೆಲಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ಬಾಸೆಲ್ ಮಿಶನಿನ ಕಥೆ, ಅದರಲ್ಲಿಯೂ ಇಂದು ತಮಿಳುನಾಡಿಗೆ ಸೇರಿರುವ ನೀಲಗಿರಿಯ ಕೇತಿ ಕಣಿವೆಯ ಕಥೆ, ಇದಕ್ಕೆ ಒಳ್ಳೆಯ ಆಕರವಾಗಿದೆ. ಆ ಮಿಶನಿನ ಮತಪ್ರಚಾರದ ಗುಣದೋಷಗಳನ್ನು ತೂಗುವುದು ಈ ಲೇಖನದ ಉದ್ದೇಶವಲ್ಲ. ಪರದೇಶದಲ್ಲಿ ಬಾಳಿದವರ ಜೀವನ ಹೇಗಿತ್ತು, ಅವರನ್ನು ಬರಮಾಡಿಕೊಂಡವರು ಯಾರು, ಕೈಕೆಲಸಕ್ಕೆಂದು ಆಮೇಲೆ ಬಂದವರನ್ನು ಅವರು ಹೇಗೆ ನಡೆಸಿಕೊಂಡರು, ಕಡೆಗೆ ಉಳಿದುದೇನು ಎಂಬಷ್ಟನ್ನೇ ನಾವು ಇಲ್ಲಿ ವಿಚಾರಿಸುತ್ತೇವೆ.

ಮೊದಲು ಅತಿಥಿಗಳಾಗಿ

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಈ ಸಂಸ್ಥೆ ಸ್ಥಾಪನೆಯಾದುದು ೧೮೧೫ರಲ್ಲಿ. ಅದರಲ್ಲಿ ತರಬೇತಿ ಪಡೆದವರಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯವರು. ಒಕ್ಕಲುತನ, ನೇಯ್ಗೆ, ಬಡಗಿ ಕೆಲಸ ಮುಂತಾದ ಕಸುಬಿನ ಮನೆಗಳಿಂದ ಬಂದವರು. ೧೮೩೩ರ ಸನ್ನದು ಕಾಯಿದೆಯಿಂದ ಕಂಪನಿ ಸರಕಾರದ ನೆಲದಲ್ಲಿ ಇಂಗ್ಲಿಷರಲ್ಲದ ಮಿಶನರಿಗಳಿಗೂ ದಾರಿ ತೆರೆಯಿತು. ಮರುವರ್ಷವೇ ಸಾಮ್ಯುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಹೊರಟರು. ೧೮೩೪ರ ಅಕ್ಟೋಬರ್ ೧೪ರಂದು ಕಲ್ಲಿಕೋಟೆಯಲ್ಲಿ ಇಳಿದು, ಅದೇ ತಿಂಗಳ ೩೦ರಂದು ಮಂಗಳೂರನ್ನು ಸೇರಿದರು.

ಅಂದು ಸೂಯೆಜ್ ಕಾಲುವೆ ಇರಲಿಲ್ಲ. ಅದು ತೆರೆದುದು ೧೮೬೯ರಲ್ಲಿ. ಆಫ್ರಿಕೆಯ ತುದಿಯನ್ನು ಸುತ್ತಿ ಬರುವ ಹಡಗಿನಲ್ಲಿ ತಿಂಗಳುಗಟ್ಟಲೆ ಕಳೆಯಬೇಕು. ಊರಿಗೆ ಕಾಗದ ಬರೆದರೆ ಉತ್ತರ ಬರುವಷ್ಟರಲ್ಲಿ ಬರೆದ ಸಂಗತಿಯೇ ಹಳತಾಗಿರುತ್ತಿತ್ತು. ಬಂದಿಳಿದವರ ಕೈಯಲ್ಲಿ ಮನೆಯಿಲ್ಲ, ಬಾಯಲ್ಲಿ ಭಾಷೆಯಿಲ್ಲ. ಅವರು ಬಂದುದು ಆಳುವವರಾಗಿ ಅಲ್ಲ. ಆಳುವವರ ಭಾಷೆಯೂ ಅವರ ತಾಯ್ನುಡಿಯಾಗಿರಲಿಲ್ಲ. ಆದರೂ ಅವರ ಮೊದಲ ಆಸರೆ ಅಧಿಕಾರಿಗಳ ಬಂಗಲೆಗಳೇ ಎಂಬುದನ್ನು ನಾವು ಮರೆಯಬಾರದು. ಮಂಗಳೂರಿನ ಬಲ್ಮಠದ ನೆಲವನ್ನು ೧೮೪೦ರಲ್ಲಿ ಅವರಿಗೆ ಬಿಟ್ಟುಕೊಟ್ಟವನು ಕಲೆಕ್ಟರ್ ಬ್ಲೇರ್. ಅಧಿಕಾರಿಯ ಜಗಲಿಯಿಂದ ಇಳಿದು ಬಂದವನನ್ನು ಊರಿನ ಜನ ಎಷ್ಟರ ಮಟ್ಟಿಗೆ ಬರಿಯ ಅತಿಥಿಯೆಂದು ಕಂಡಾರು? ಈ ತೊಡಕು ಕೊನೆಯವರೆಗೂ ಅವರ ಬೆನ್ನು ಬಿಡಲಿಲ್ಲ.

ಬದುಕಿನ ಕಟ್ಟುಪಾಡು

ಪರದೇಶದಲ್ಲಿ ಈ ಜನರ ಬಾಳು ಬಹು ಬಿಗಿಯಾದ ಕಟ್ಟಳೆಗೆ ಒಳಪಟ್ಟಿತ್ತು. ಪ್ರತಿಯೊಂದು ದೊಡ್ಡ ವೆಚ್ಚಕ್ಕೂ ಬಾಸೆಲಿನ ಆಡಳಿತ ಮಂಡಳಿಯ ಅಪ್ಪಣೆ ಬೇಕು. ಮದುವೆಗೂ ಅಪ್ಪಣೆ ಬೇಕು. ಕೆಲಸದ ನೆಲಕ್ಕೆ ಬಂದು ಎರಡು ವರ್ಷ ಕಳೆಯುವ ತನಕ ಮದುವೆಯ ಮಾತೆತ್ತುವಂತಿಲ್ಲ. ಆಮೇಲೆ ವರನು ಪತ್ರ ಬರೆದರೆ ಮಂಡಳಿಯು ಒಪ್ಪಿ, ತಾಯ್ನಾಡಿನಿಂದ ಒಬ್ಬ ವಧು ಹಡಗು ಹತ್ತಬೇಕು. ಎಷ್ಟೋ ವಧುಗಳು ತಾವು ಕೈಹಿಡಿಯುವವನನ್ನು ಕಣ್ಣಾರೆ ಕಂಡುದು ಬಂದರಿನಲ್ಲಿಯೇ. ಹೀಗೆ ಬಂದ ಹೆಂಗಸರು ಹೆಣ್ಣುಮಕ್ಕಳ ಶಾಲೆಗಳನ್ನು ನಡೆಸಿದರು, ರೋಗಿಗಳ ಆರೈಕೆ ಮಾಡಿದರು, ಬಂದುಹೋಗುವವರಿಗೆಲ್ಲ ಬಡಿಸಿದರು. ವರದಿಗಳಲ್ಲಿ ಮಾತ್ರ ಅವರ ಹೆಸರು ಗಂಡನ ಹೆಸರಿನ ನೆರಳಿನಲ್ಲಿಯೇ ಉಳಿಯಿತು.

ಎಲ್ಲಕ್ಕೂ ಕಠಿನವಾದುದು ಮಕ್ಕಳ ವಿಷಯದ ಕಟ್ಟಳೆ. ೧೮೫೩ರಲ್ಲಿ ಬಾಸೆಲಿನಲ್ಲಿ ಮಿಶನರಿಗಳ ಮಕ್ಕಳಿಗಾಗಿ ನಿಲಯ ಏರ್ಪಟ್ಟ ಕಾಲದಿಂದ, ಮಕ್ಕಳನ್ನು ಶಾಲೆಗೆ ಸೇರುವ ವಯಸ್ಸಿಗೇ ಯುರೋಪಿಗೆ ಕಳುಹಿಸಬೇಕೆಂಬ ನಿಯಮ ಜಾರಿಗೆ ಬಂತು. ಐದಾರು ವರ್ಷದ ಕೂಸನ್ನು ಹಡಗಿಗೆ ಹತ್ತಿಸಿದ ತಾಯಿ ಮರಳಿ ಅದನ್ನು ಕಾಣುವ ಹೊತ್ತಿಗೆ ಅದು ಬೆಳೆದ ಮನುಷ್ಯನಾಗಿರುತ್ತಿತ್ತು. ಕಾಣದೆಯೇ ಹೋದವರೂ ಉಂಟು. ಕನ್ನಡದ ದಾದಿಯರ ಮಡಿಲಲ್ಲಿ ಆಡಿದ ಆ ಮಕ್ಕಳಲ್ಲಿ ಎಷ್ಟೋ ಮಂದಿಗೆ ಮೊದಲು ತಿರುಗಿದ ನಾಲಗೆ ಕನ್ನಡ ತುಳುಗಳದೇ ಆಗಿದ್ದಿರಬೇಕು. ಪರರ ಮಕ್ಕಳಿಗೆ ಪಾಠ ಹೇಳುವುದಕ್ಕಾಗಿ ತಮ್ಮ ಮಕ್ಕಳನ್ನು ದೂರ ಮಾಡಿದವರ ಸಂಕಟವನ್ನು, ಅವರ ಉದ್ದೇಶವನ್ನು ಒಪ್ಪದವರೂ ಅರಿಯಬಲ್ಲರು.

ಇದರ ಮತ್ತೊಂದು ಮುಖವನ್ನೂ ಹೇಳಲೇಬೇಕು. ೧೮೪೪ರ ಜನವರಿಯಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನಗಳ ಮೂವರು ತರುಣರು ಕ್ರೈಸ್ತಮತಕ್ಕೆ ಸೇರಿದರು. ಅವರಲ್ಲಿ ಒಬ್ಬನಾದ ಆನಂದರಾವ್ ಕೌಂಡಿನ್ಯನು ಬಾಸೆಲಿಗೆ ಹೋಗಿ ಕಲಿತು ೧೮೫೧ರಲ್ಲಿ ಮರಳಿ ಬಂದನು. ಶಾಲೆಗೆಂದು ಕಳುಹಿಸಿದ ಮಗ ಮನೆಯ ಒಲೆಯಿಂದ ದೂರವಾದ ಆ ತಂದೆತಾಯಿಗಳ ಸಂಕಟ ಯಾವ ವರದಿಯಲ್ಲಿಯೂ ಸರಿಯಾಗಿ ದಾಖಲಾಗಲಿಲ್ಲ. ಊರು ಕೆರಳಿತು. ಕರೆದು ಮಣೆ ಹಾಕಿದ ನೆಂಟನು ಮನೆಯ ಮಗನನ್ನೇ ಕರೆದೊಯ್ದನೆಂದು ಊರಿಗೆ ತೋರಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿ ಮಡಿಲು ಬರಿದಾದ ತಾಯಿ ಒಬ್ಬಳು, ಇಲ್ಲಿ ಮಡಿಲು ಬರಿದಾದ ತಾಯಿ ಒಬ್ಬಳು. ಇಬ್ಬರ ಕಣ್ಣೀರನ್ನೂ ಒಂದೇ ಪುಟದಲ್ಲಿ ಬರೆಯದೆ ಈ ಇತಿಹಾಸ ಪೂರ್ಣವಾಗದು.

ಕೇತಿಯ ಮನೆ

ಇನ್ನು ನೀಲಗಿರಿಗೆ ಬರೋಣ. ಉದಕಮಂಡಲಕ್ಕೂ ಕೂನೂರಿಗೂ ನಡುವೆ ಕೇತಿ ಎಂಬ ವಿಶಾಲವಾದ ಕಣಿವೆಯಿದೆ. ಅದರ ಸುತ್ತಣ ಹಟ್ಟಿಗಳಲ್ಲಿ ಬಡಗರು ನೆಲೆಸಿದ್ದಾರೆ. ಬಡಗರೆಂದರೆ ಬಡಗು ದಿಕ್ಕಿನಿಂದ ಬಂದವರು. ವಿಜಯನಗರದ ಪತನದ ಬಳಿಕ ಮೈಸೂರು ಬಯಲುಸೀಮೆಯಿಂದ ಬೆಟ್ಟ ಹತ್ತಿದವರೆಂಬ ಅಭಿಪ್ರಾಯ ರೂಢಿಯಲ್ಲಿದೆ. ಅವರ ನುಡಿಯನ್ನು ಕನ್ನಡದ ಉಪಭಾಷೆಯೆಂದು ಹಿಂದಿನವರು ಗಣಿಸಿದರು. ಸ್ವತಂತ್ರ ಭಾಷೆಯೆಂದು ಈಗ ಹಲವು ವಿದ್ವಾಂಸರ ಮತ. ೨೦೧೧ರ ಜನಗಣತಿಯಲ್ಲಿ ಅದನ್ನು ಕನ್ನಡದ ಗುಂಪಿನಲ್ಲಿಯೇ ಎಣಿಸಿ, ಆಡುವವರು ಸುಮಾರು ಒಂದು ಲಕ್ಷ ಮೂವತ್ತಮೂರು ಸಾವಿರ ಎಂದು ತೋರಿಸಲಾಗಿದೆ. ಹೆಸರು ಏನೇ ಇರಲಿ, ನಮ್ಮ ನುಡಿಯ ಒಡಹುಟ್ಟು ಅದು ಎಂಬುದರಲ್ಲಿ ಸಂದೇಹವಿಲ್ಲ.

ಮದರಾಸಿನ ಗವರ್ನರನಾಗಿದ್ದ ಎಲ್ಫಿನ್‌ಸ್ಟನ್ ಪ್ರಭುವು ಈ ಕಣಿವೆಯಲ್ಲಿ ಒಂದು ವೈಭವದ ಮನೆ ಕಟ್ಟಿಸಿದ್ದನು. ೧೮೪೫ರಲ್ಲಿ ಅದು ಕ್ಯಾಸಮೇಜರ್ ಎಂಬ ನಿವೃತ್ತ ಅಧಿಕಾರಿಯ ಕೈಗೆ ಬಂತು. ಈತನು ಮದರಾಸು ಸರಕಾರದ ಸೇವೆಯಲ್ಲಿ ದೊಡ್ಡ ಹುದ್ದೆಗಳನ್ನು ನೋಡಿದವನು. ವಿಶ್ರಾಂತಿ ಪಡೆಯಬೇಕಾದ ವಯಸ್ಸಿನಲ್ಲಿ ಆತನು ಕನ್ನಡ ಕಲಿಯಲು ಕುಳಿತನು. ಏಕೆಂದರೆ ಹಟ್ಟಿಯ ಮಕ್ಕಳಿಗಾಗಿ ಆತನು ತನ್ನ ಖರ್ಚಿನಲ್ಲಿ ಒಂದು ಶಾಲೆ ತೆರೆದಿದ್ದನು. ಆ ಮಕ್ಕಳಿಗೆ ತಿಳಿಯುವ ಮಾತು ತನಗೂ ತಿಳಿದಿರಬೇಕೆಂಬುದು ಆತನ ನಿಲುವು. ನಾವು ಉಪಾಧ್ಯಾಯರು ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳಬೇಕು. ಆಳಿ ಹಣ್ಣಾದ ಮುದುಕನು ಹಳ್ಳಿಯ ಮಕ್ಕಳ ಭಾಷೆಗಾಗಿ ಮತ್ತೆ ಬಳಪ ಹಿಡಿದನು.

ಆತನು ಬಾಸೆಲ್ ಮಿಶನಿನವರನ್ನು ಕೇತಿಗೆ ಕರೆದನು. ೧೮೪೬ರಲ್ಲಿ ಅಲ್ಲಿಗೆ ಬಂದವರಲ್ಲಿ ಗಾಟ್‌ಫ್ರೀಡ್ ವೈಗಲ್ ಮುಖ್ಯನು. ಬಯಲಿನ ಸೆಕೆಯಲ್ಲಿ, ಜ್ವರದಲ್ಲಿ ಬಳಲಿದ ಮಿಶನರಿಗಳು ಬೆಟ್ಟ ಹತ್ತಿ ಚೇತರಿಸಿಕೊಳ್ಳಲು ಆ ಮನೆಯೇ ಆರೋಗ್ಯಧಾಮವಾಯಿತು. ಹೀಗೆ ಒಂದೇ ಸೂರಿನ ಕೆಳಗೆ ರೋಗಿಗಳೂ ವಿದ್ಯಾರ್ಥಿಗಳೂ ವಿದ್ವಾಂಸರೂ ಕೂಡಿದರು. ವೈಗಲ್ ಕನ್ನಡ ಭಾಷೆ ಮತ್ತು ಸಾಹಿತ್ಯದ ಬಗೆಗೆ ಜರ್ಮನ್ ಭಾಷೆಯಲ್ಲಿ ಬರೆದ ಪ್ರಬಂಧ ೧೮೪೮ರಲ್ಲಿ ಜರ್ಮನಿಯ ವಿದ್ವತ್ಪತ್ರಿಕೆಯಲ್ಲಿ ಪ್ರಕಟವಾಯಿತು. ನಮ್ಮ ಸಾಹಿತ್ಯಚರಿತ್ರೆಯನ್ನು ಹೊರನಾಡಿಗೆ ಪರಿಚಯಿಸಿದ ಮೊದಲ ಬರಹಗಳಲ್ಲಿ ಅದು ಒಂದು. ವೈಗಲನ ಬಂಧುವಾದ ಹರ್ಮನ್ ಮೋಗ್ಲಿಂಗ್ ೧೮೪೩ರ ಜುಲೈ ೧ರಂದು ಮಂಗಳೂರು ಸಮಾಚಾರವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದ ಸಂಗತಿ ಎಲ್ಲರಿಗೂ ತಿಳಿದದ್ದೇ. ಅದೇ ಮೋಗ್ಲಿಂಗ್ ೧೮೪೮ರಿಂದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದ ಕನ್ನಡ ಗ್ರಂಥಗಳನ್ನು ಒಂದು ಮಾಲೆಯಾಗಿ ಕಲ್ಲಚ್ಚಿನಲ್ಲಿ ಹೊರತಂದನು. ಅದಕ್ಕೆ ಹಣ ಒದಗಿಸಿದವನು ಕೇತಿಯ ಕ್ಯಾಸಮೇಜರನೇ. ನೀಲಗಿರಿಯ ಕಣಿವೆಯೊಂದರ ಹಣದಿಂದ ಮಂಗಳೂರಿನಲ್ಲಿ ಬಸವಪುರಾಣ ಅಚ್ಚಾಯಿತೆಂಬುದನ್ನು ಗಡಿನಾಡಿನ ನಾವು ಅಭಿಮಾನದಿಂದ ಹೇಳಿಕೊಳ್ಳಬಹುದು. ೧೮೪೯ರಲ್ಲಿ ಆತನು ತೀರಿಕೊಂಡಾಗ ತನ್ನ ಆಸ್ತಿಯ ಬಹುಭಾಗವನ್ನು ಮಿಶನಿಗೆ ಬಿಟ್ಟುಹೋದನು.

ಹಟ್ಟಿಯ ಜಗಲಿ

ಮೇಲೆ ಹೇಳಿದುದು ಬಂಗಲೆಯ ಕಥೆ. ಹಟ್ಟಿಯ ಕಥೆ ಬೇರೆ. ಅದನ್ನು ತಿಳಿಯಬೇಕಾದರೆ ಮೆಟ್ಜ್ ಎಂಬ ಮಿಶನರಿಯ ಜಾಡು ಹಿಡಿಯಬೇಕು. ಈತನು ದಶಕಗಳ ಕಾಲ ನೀಲಗಿರಿಯಲ್ಲಿದ್ದು ಹಟ್ಟಿಯಿಂದ ಹಟ್ಟಿಗೆ ಕಾಲ್ನಡಿಗೆಯಲ್ಲಿ ಅಲೆದನು. ಬಡಗರ ನುಡಿಯನ್ನಲ್ಲದೆ, ಹೊರಗಿನವರಿಗೆ ಬಹು ಕಷ್ಟವಾದ ತೊದವರ ನುಡಿಯನ್ನೂ ಕಲಿತ ಮೊದಲ ಕೆಲವು ಯುರೋಪಿಯನರಲ್ಲಿ ಆತನು ಒಬ್ಬನು. ಬೆಟ್ಟದ ಜನಾಂಗಗಳ ಬಗೆಗೆ ಆತನು ಬರೆದ ಇಂಗ್ಲಿಷ್ ಗ್ರಂಥ ೧೮೫೬ರಲ್ಲಿ ಹೊರಬಂದು, ಮುಂದಿನ ಸಂಶೋಧಕರಿಗೆ ಆಧಾರವಾಯಿತು.

ಬಡಗರಲ್ಲಿ ಮೊದಲ ಮತಾಂತರ ನಡೆದುದು ೧೮೫೮ರಲ್ಲಿ. ಕೇತಿಯ ಕೇಂದ್ರ ಆರಂಭವಾಗಿ ಹನ್ನೆರಡು ವರ್ಷಗಳ ಅನಂತರ. ಈ ಅಂಕಿಯನ್ನು ಮಿಶನಿನ ಬರಹಗಾರರು ತಮ್ಮ ತಾಳ್ಮೆಯ ಸಾಕ್ಷಿಯೆಂದು ಬರೆದರು. ನಮಗೆ ಅದು ಮತ್ತೊಂದನ್ನು ಹೇಳುತ್ತದೆ. ಹನ್ನೆರಡು ವರ್ಷ ಒಬ್ಬ ಪರದೇಶಿ ತಮ್ಮ ನಂಬುಗೆಯನ್ನು ಅಲ್ಲಗಳೆಯುವ ಮಾತಾಡುತ್ತ ಹಟ್ಟಿಗೆ ಬಂದರೂ ಆ ಜನರು ಆತನಿಗೆ ಹಟ್ಟಿಯ ದಾರಿ ಮುಚ್ಚಲಿಲ್ಲ. ಮಾತು ಕೇಳಿದರು, ಎದುರು ವಾದಿಸಿದರು, ತಮ್ಮ ಹಾಡುಗಳನ್ನೂ ಸಾವಿನ ಸಂಸ್ಕಾರದ ಕ್ರಮವನ್ನೂ ಹಿರಿಯರ ಕಥೆಗಳನ್ನೂ ಆತನಿಗೆ ತಿಳಿಸಿದರು. ಒಪ್ಪದೆಯೂ ಕುಳ್ಳಿರಿಸಿಕೊಳ್ಳುವ ಈ ದೊಡ್ಡತನ ಆತನ ತಾಳ್ಮೆಗೆ ಏನೇನೂ ಕಡಿಮೆಯದಲ್ಲ. ಮಿಶನಿನ ಇತಿಹಾಸವೆಂದು ನಾವು ಓದುತ್ತಿರುವುದರಲ್ಲಿ ಅರ್ಧ ಭಾಗ ಹಟ್ಟಿಯವರ ಆತಿಥ್ಯದ ಇತಿಹಾಸವೇ ಆಗಿದೆ. ಅದಕ್ಕೆ ಆ ಹೆಸರು ಇನ್ನೂ ಬಿದ್ದಿಲ್ಲ, ಅಷ್ಟೆ.

ಆ ದೊಡ್ಡತನಕ್ಕೂ ಒಂದು ಎಲ್ಲೆ ಇತ್ತು. ಹೊಸ ಮತಕ್ಕೆ ಸೇರಿದವನ ಪಾಲಿಗೆ ಹಟ್ಟಿಯ ಬಾಳು ಮೊದಲಿನಂತೆ ಉಳಿಯಲಿಲ್ಲ. ಬಂದವನ ಮಾತನ್ನು ಕೇಳುವುದು ಬೇರೆ, ತಮ್ಮವನು ಆ ಕಡೆಗೆ ಹೋಗುವುದು ಬೇರೆ ಎಂದು ಹಟ್ಟಿಯ ಹಿರಿಯರು ಬಗೆದರು. ಮಂಗಳೂರಿನಲ್ಲಿ ೧೮೪೪ರಲ್ಲಿ ಕಂಡ ಬಿರುಕು ಬೆಟ್ಟದ ಮೇಲೆಯೂ ಕಾಣಿಸಿತು.

ಕೈಕಸುಬಿನವರು ಬಂದರು

ಮಿಶನಿನ ಶಾಲೆ ಉಪದೇಶಗಳಿಂದ ಒಂದು ಹೊಸ ಸಮಸ್ಯೆ ಹುಟ್ಟಿತು. ಮತ ಬದಲಾಯಿಸಿದವರು ಜಾತಿಯನ್ನು ಕಳೆದುಕೊಂಡರು. ಜಾತಿಯೊಡನೆ ಕಸುಬನ್ನೂ, ನೆಲವನ್ನೂ ಕಳೆದುಕೊಂಡರು. ಅವರಿಗೆ ಅನ್ನದ ದಾರಿ ತೋರಿಸುವ ಹೊಣೆ ಮಿಶನಿನ ಮೇಲೆ ಬಿತ್ತು. ಇದಕ್ಕೆ ಮೊದಲೇ, ೧೮೪೧ರಲ್ಲಿ, ಗದಗಿನ ಬಳಿಯ ಮಲಸಮುದ್ರದಲ್ಲಿ ಬೇಸಾಯದ ಒಂದು ವಸಾಹತನ್ನು ಹೂಡಿ ನೋಡಿದ್ದರು. ಕಾಲಜ್ಞಾನದ ಪಂಥದವರು ಬಂದು ನೆಲೆಸುವರೆಂಬ ದೊಡ್ಡ ನಿರೀಕ್ಷೆ ಅದರ ಹಿಂದಿತ್ತು. ಬರುವರೆಂದು ನಂಬಿದವರು ಬರಲಿಲ್ಲ; ಯೋಜನೆ ಫಲಿಸಲಿಲ್ಲ. ಊರವರಿಗೆ ಏನು ಬೇಕೆಂದು ಕೇಳುವ ಮೊದಲೇ ತಮ್ಮ ಮನಸ್ಸಿನಲ್ಲಿ ಊರು ಕಟ್ಟಿಕೊಂಡವರಿಗೆ ಆಗುವ ಗತಿ ಅದು.

೧೮೫೧-೫೨ರಲ್ಲಿ ಬಾಸೆಲಿನ ಮುಖ್ಯಾಧಿಕಾರಿ ಯೋಸೆನ್‌ಹಾನ್ಸ್ ತಾನೇ ಇಲ್ಲಿಗೆ ಬಂದು ಕೇಂದ್ರಗಳನ್ನೆಲ್ಲ ಸುತ್ತಿ ನೋಡಿದನು. ಇನ್ಸ್ಪೆಕ್ಟರರು ಬರುವ ಸುದ್ದಿ ಬಂದರೆ ಶಾಲೆ ಹೇಗಿರುತ್ತದೆಂದು ವಾಚಕರಿಗೆ ನಾವು ಹೇಳಬೇಕಾಗಿಲ್ಲ. ಆತನು ಅತಿಥಿಯೂ ಹೌದು, ಒಡೆಯನೂ ಹೌದು. ಅಂಥವನಿಗೆ ಬಡಿಸುವ ಕೈ ಸ್ವಲ್ಪ ನಡುಗುವುದು ಸಹಜ. ಆತನ ಭೇಟಿಯ ಬಳಿಕ ಆಡಳಿತ ಇನ್ನಷ್ಟು ಬಿಗಿಯಾಯಿತು. ಕೈಗಾರಿಕೆಗಳಿಗೆ ಒಂದು ಪ್ರತ್ಯೇಕ ವ್ಯವಸ್ಥೆಯೂ ಏರ್ಪಟ್ಟಿತು.

ಅದೇ ಸುಮಾರಿನಲ್ಲಿ, ೧೮೫೧ರಲ್ಲಿ, ಮಂಗಳೂರಿಗೆ ಬೇರೊಂದು ಬಗೆಯ ಜನ ಬಂದರು. ಅವರು ಬೋಧಕರಲ್ಲ, ಕಸುಬುದಾರರು. ಹಾಲರ್ ಎಂಬವನು ನುರಿತ ನೇಕಾರನು. ಪ್ಲೆಬ್ಸ್ಟ್ ಎಂಬವನು ಯಂತ್ರ ಮತ್ತು ಅಚ್ಚಿನ ಕೆಲಸ ಬಲ್ಲವನು. ಇಂದಿನ ಸ್ವಯಂಸೇವಕ ತಂಡಗಳಿಗೆ ಹೋಲಿಸಿ ನೋಡಬಹುದಾದ ಮೊದಲಿಗರು ಇವರೇ ಎಂದು ನಮಗೆ ತೋರುತ್ತದೆ. ಹಾಲರನು ಸುಧಾರಿಸಿದ ಮಗ್ಗವನ್ನೂ ಬಣ್ಣದ ಮನೆಯನ್ನೂ ಮಂಗಳೂರಿನಲ್ಲಿ ಹೂಡಿದನು. ಖಾಕಿ ಬಣ್ಣದ ಕೀರ್ತಿ ಈತನಿಗೇ ಸಲ್ಲಬೇಕೆಂದು ಮಂಗಳೂರಿನಲ್ಲಿ ಹೇಳುವುದುಂಟು. ವಾಯವ್ಯ ಗಡಿಯ ಸೇನೆಯಲ್ಲಿ ಆ ಬಣ್ಣದ ಉಡುಪು ಅದಕ್ಕೂ ಮೊದಲೇ ಬಳಕೆಗೆ ಬಂದಿದ್ದುದರಿಂದ, ಮಂಗಳೂರಿನ ಬಣ್ಣದ ಮನೆ ಅದಕ್ಕೆ ತನ್ನದೇ ಒಂದು ಪಾಕವನ್ನು ಕಂಡುಕೊಂಡಿತೆನ್ನುವುದೇ ಸರಿ. ಪ್ಲೆಬ್ಸ್ಟನು ಕನ್ನಡದ ಅಚ್ಚುಮೊಳೆಗಳ ಕೆಲಸದಲ್ಲಿ ನೆರವಾದನು. ಮುಂದೆ ೧೮೬೫ರಲ್ಲಿ ನೇತ್ರಾವತಿಯ ದಡದ ಜೆಪ್ಪಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದನು.

ಈ ಎರಡನೆಯ ಕೆಲಸ ಏಕೆ ನಿಂತಿತು, ಮಲಸಮುದ್ರ ಏಕೆ ಬಿದ್ದಿತು ಎಂಬುದು ವಿಚಾರ ಮಾಡತಕ್ಕ ವಿಷಯ. ಹೆಂಚಿಗೆ ಬೇಕಾದ ಜೇಡಿಮಣ್ಣು ಹೊಳೆಯ ದಂಡೆಯಲ್ಲಿಯೇ ಇತ್ತು. ಮಣ್ಣಿನ ಗುಣ ಬಲ್ಲ ಕುಂಬಾರರು ಊರಿನಲ್ಲಿಯೇ ಇದ್ದರು. ಸುಡಲು ಕಟ್ಟಿಗೆ ಘಟ್ಟದಿಂದ ಹೊಳೆಯ ಮೇಲೆಯೇ ಇಳಿದು ಬರುತ್ತಿತ್ತು. ಮಾಡಿದ ಮಾಲನ್ನು ಸಾಗಿಸಲು ಬಂದರು ಹತ್ತಿರವೇ. ಎಲ್ಲಕ್ಕಿಂತ ಹೆಚ್ಚಾಗಿ, ವರ್ಷ ವರ್ಷ ಮುಳಿಹುಲ್ಲು ಹೊದಿಸಿಯೂ ಆಷಾಢದ ಮಳೆಗೆ ಸೋರುವ ಮನೆಗಳ ಕರಾವಳಿಗೆ ಹೆಂಚು ನಿಜವಾಗಿ ಬೇಕಾಗಿತ್ತು. ಬಂದವನು ತಂದುದು ಅಚ್ಚೊತ್ತುವ ಜಾಣ್ಮೆಯೊಂದನ್ನೇ, ಉಳಿದುದೆಲ್ಲ ನೆಲದ್ದೇ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು.

ಈ ಜಾಣ್ಮೆ ಬಂದವನ ಕೈಯಲ್ಲಿಯೇ ಉಳಿಯಲಿಲ್ಲವೆಂಬುದಕ್ಕೆ ಒಂದು ಪ್ರಮಾಣ ಸಾಕು. ಮೂರೇ ವರ್ಷಗಳಲ್ಲಿ, ೧೮೬೮ರಲ್ಲಿ, ಮಂಗಳೂರಿನ ಅಲ್ಬುಕರ್ಕ್ ಮನೆತನದವರು ತಮ್ಮದೇ ಹೆಂಚಿನ ಕಾರ್ಖಾನೆ ತೆರೆದರು. ಅನಂತರ ಹೊಳೆಗಳ ದಡದುದ್ದಕ್ಕೂ ಹೊಗೆಗೊಳವೆಗಳು ಎದ್ದವು. ಅಂದು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿದ್ದು ೧೯೫೬ರ ನವೆಂಬರ್ ೧ರಂದು ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಇಂದಿಗೂ ಎಷ್ಟೋ ಹಳೆಯ ಶಾಲೆಗಳ ಮಾಡು ಮಂಗಳೂರು ಹೆಂಚಿನದೇ. ಗಡಿಗೆರೆ ಮಾಡಿನ ಕೆಳಗೆ ಹಾದುಹೋಯಿತು; ಮಾಡು ಹಾಗೆಯೇ ಉಳಿಯಿತು.

ಆದರೂ ಕಾರ್ಖಾನೆಯ ವಿಷಯದಲ್ಲಿ ಬರಿಯ ಹೊಗಳಿಕೆ ಸಲ್ಲದು. ಅಲ್ಲಿ ದುಡಿದವರಿಗೆ ಕಸುಬು ಸಿಕ್ಕಿತು, ಅದರೊಡನೆ ಗಂಟೆಯ ಶಿಸ್ತೂ ಸಿಕ್ಕಿತು. ಉಪದೇಶ ಮಾಡುವವನೇ ಕೂಲಿ ಕೊಡುವ ಯಜಮಾನನೂ ಆದಾಗ, ಇವನ ಭಕ್ತಿ ಯಾವುದು, ಅನ್ನದ ಹಂಗು ಯಾವುದು ಎಂದು ಬೇರೆಮಾಡುವುದು ಕಷ್ಟ.

ಆತಿಥೇಯರು ಇಲ್ಲದಾದಾಗ

೧೯೧೪ರಲ್ಲಿ ಮಹಾಯುದ್ಧ ಹತ್ತಿಕೊಂಡಿತು. ಎಂಬತ್ತು ವರ್ಷ ಇಲ್ಲಿದ್ದರೂ ಜರ್ಮನ್ ಪ್ರಜೆಗಳು ಸರಕಾರದ ಕಣ್ಣಿಗೆ ಶತ್ರುಗಳಾದರು. ಅವರನ್ನು ಅಹಮದ್‌ನಗರದ ಶಿಬಿರದಲ್ಲಿ ಸೆರೆಯಿಟ್ಟು, ಅನಂತರ ದೇಶಕ್ಕೆ ಅಟ್ಟಲಾಯಿತು. ಹೆಂಚು ನೇಯ್ಗೆಗಳ ಕಾರ್ಖಾನೆಗಳು ಮಿಶನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಗೆ ಸೇರಿದವು. ಬಂಗಲೆಗಳಲ್ಲಿ ದೀಪ ಆರಿತು.

ಯಾವ ಸೇವೆಗಾದರೂ ಇದೇ ನಿಜವಾದ ಪರೀಕ್ಷೆ. ಬಂದವರು ಒಂದು ದಿನ ಹಠಾತ್ತಾಗಿ ಇಲ್ಲವಾದರೆ ಏನು ನಿಲ್ಲುತ್ತದೆ, ಏನು ಬೀಳುತ್ತದೆ? ಶಾಲೆಗಳು ನಿಂತವು, ಏಕೆಂದರೆ ಅಲ್ಲಿ ಕಲಿಸುತ್ತಿದ್ದವರು ಮೊದಲಿನಿಂದಲೂ ಬಹುಮಟ್ಟಿಗೆ ನಮ್ಮ ಊರಿನ ಉಪಾಧ್ಯಾಯರೇ. ಹೆಂಚಿನ ಕಸುಬು ನಿಂತಿತು. ಏಕೆಂದರೆ ಅದು ಆಗಲೇ ಊರಿನದಾಗಿತ್ತು. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ನಿಂತಿತು. ಏಕೆಂದರೆ ಅದರಲ್ಲಿ ಸಂಗ್ರಹವಾಗಿದ್ದುದು ನಮ್ಮದೇ ಮಾತು. ಯಾವುದನ್ನು ಊರಿಗೆ ಕಲಿಸಿಕೊಟ್ಟಿದ್ದರೋ, ಯಾವುದನ್ನು ಊರಿನಿಂದ ಕಲಿತಿದ್ದರೋ, ಅದು ಉಳಿಯಿತು. ಬಾಸೆಲಿನ ಅಪ್ಪಣೆಗೆ ಕಾಯುತ್ತಿದ್ದುದೆಲ್ಲ ತಡವರಿಸಿತು.

ಬಿಹಾರದ ಒಂದು ಹೋಲಿಕೆ

ಮತಪ್ರಚಾರದ ಸಂಬಂಧವಿಲ್ಲದ ಒಂದು ತಂಡದ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಉಚಿತ. ಸ್ವಿಟ್ಜರ್ಲೆಂಡಿನ ಪಿಯೆರ್ ಸೆರೆಸೋಲ್ (೧೮೭೯-೧೯೪೫) ಎಂಬ ಎಂಜಿನಿಯರು ೧೯೨೦ರಲ್ಲಿ, ಯುದ್ಧದಿಂದ ನೆಲಸಮವಾಗಿದ್ದ ಫ್ರಾನ್ಸಿನ ವೆರ್ದೂನ್ ಬಳಿಯ ಎಸ್ನ್ ಎಂಬ ಹಳ್ಳಿಗೆ ಹಲವು ದೇಶಗಳ ಸ್ವಯಂಸೇವಕರನ್ನು ಕರೆದೊಯ್ದು ಮನೆಗಳನ್ನು ಎತ್ತಲು ತೊಡಗಿದರು. ಆ ತಂಡದಲ್ಲಿ ಜರ್ಮನರೂ ಇದ್ದರು. ನಿನ್ನೆ ಕೆಡವಿದ ದೇಶದವನು ಇಂದು ಕಟ್ಟಲು ಬಂದರೆ ಗಾಯ ಮಾಯದ ಊರು ಅದನ್ನು ಹೇಗೆ ಸಹಿಸೀತು? ೧೯೨೧ರ ವಸಂತದಲ್ಲಿ ಆ ತಂಡ ಕೆಲಸ ಬಿಟ್ಟು ಹೊರಡಬೇಕಾಯಿತು. ಒಳ್ಳೆಯ ಮನಸ್ಸೊಂದೇ ಸಾಲದು, ಬರಮಾಡಿಕೊಳ್ಳುವವರ ಮನಸ್ಸೂ ಹಣ್ಣಾಗಿರಬೇಕು ಎಂಬುದನ್ನು ಅವರು ಅಲ್ಲಿ ಕಲಿತರು. ಮುಂದೆ ಬೆಳೆದ ಅಂತರರಾಷ್ಟ್ರೀಯ ಶ್ರಮಸೇವಾ ಸಂಸ್ಥೆಗೆ ಬೀಜ ಬಿದ್ದುದು ಅಲ್ಲಿಯೇ.

೧೯೩೧ರ ಡಿಸೆಂಬರಿನಲ್ಲಿ ಗಾಂಧೀಜಿ ರೊಮೈನ್ ರೋಲಾ ಅವರನ್ನು ಕಾಣಲು ಸ್ವಿಟ್ಜರ್ಲೆಂಡಿಗೆ ಹೋಗಿದ್ದಾಗ ಸೆರೆಸೋಲರ ಪರಿಚಯವಾಯಿತು. ೧೯೩೪ರ ಜನವರಿ ೧೫ರಂದು ಬಿಹಾರದಲ್ಲಿ ಭಯಂಕರ ಭೂಕಂಪವಾಗಿ ಸಾವಿರಾರು ಜನ ಸತ್ತರು. ಆ ವರ್ಷವೇ ಸೆರೆಸೋಲರು ಬಿಹಾರಕ್ಕೆ ಬಂದರು. ೧೯೩೭ರ ವರೆಗೆ ಅವರೂ ಕೆಲವರು ಸ್ವಿಸ್ ಮತ್ತು ಇಂಗ್ಲಿಷ್ ಸಂಗಡಿಗರೂ ಮುಜಫರ್‌ಪುರ ಜಿಲ್ಲೆಯಲ್ಲಿ, ನೆಲ ಕುಸಿದು ಪ್ರವಾಹಕ್ಕೆ ಸಿಲುಕಿದ ಹಳ್ಳಿಗಳನ್ನು ಎತ್ತರದ ಜಾಗಕ್ಕೆ ಸಾಗಿಸಿ ಹೊಸ ಮನೆ ಕಟ್ಟುವ ಕೆಲಸದಲ್ಲಿ ನಿಂತರು. ಅವರ ತಂದೆ ಪಾಲ್ ಸೆರೆಸೋಲ್ ೧೮೭೩ರಲ್ಲಿ ಸ್ವಿಸ್ ಒಕ್ಕೂಟದ ಅಧ್ಯಕ್ಷರಾಗಿದ್ದವರು. ಅಂಥವರ ಮಗ ಐವತ್ತೈದರ ವಯಸ್ಸಿನಲ್ಲಿ ಬಿಹಾರದ ಬಿಸಿಲಲ್ಲಿ ಗುದ್ದಲಿ ಹಿಡಿದನು.

ಆದರೆ ಅಲ್ಲಿ ಅವರಿಗೆ ಒಂದು ಸತ್ಯ ಎದುರಾಯಿತು. ಯುರೋಪಿನಲ್ಲಿ ಕೈಗಳ ಕೊರತೆ. ಬಿಹಾರದಲ್ಲಿ ಕೈಗಳಿಗೆ ಕೊರತೆಯಿಲ್ಲ, ಕೂಲಿಗೇ ಕೊರತೆ. ಬಿಟ್ಟಿ ದುಡಿಯುವ ಪರದೇಶಿ ಹತ್ತು ಬುಟ್ಟಿ ಮಣ್ಣು ಹೊತ್ತರೆ ಹಸಿದವನೊಬ್ಬನ ಅರ್ಧ ದಿನದ ಕೂಲಿ ಹೋದಂತೆ. ಹೀಗಾಗಿ ತಂಡದವರ ದುಡಿಮೆಗಿಂತ ಅವರ ಅಳತೆ, ಲೆಕ್ಕ, ಏರ್ಪಾಟು ಹೆಚ್ಚು ಉಪಯೋಗಕ್ಕೆ ಬಂತು. ಗುದ್ದಲಿ ಹಿಡಿದುದು ವ್ಯರ್ಥವೇ? ಅಲ್ಲ. ಮೇಲಿನವನು ಮಣ್ಣು ಮುಟ್ಟಬಾರದೆಂದು ನಂಬಿದ್ದ ನಾಡಿನಲ್ಲಿ ಓದಿದವನೊಬ್ಬ ಮಣ್ಣು ಹೊತ್ತುದು ಗೋಡೆಗಿಂತ ದೊಡ್ಡ ಕೆಲಸವಾಯಿತು. ಆದರೆ ಎರಡನ್ನೂ ಬೇರೆ ಬೇರೆಯಾಗಿ ತೂಗಲು ಬರಬೇಕು.

ನಮ್ಮ ಪಾಲಿನ ಕೆಲಸ

ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂದು ನಮ್ಮಲ್ಲಿ ಗಾದೆಯುಂಟು. ಬಂದವರು ನೀರಿಗೆ ಬಂದೇ ಬರುತ್ತಾರೆ. ಬಾವಿಯ ದಾರಿ ತೋರಿಸಬೇಕಾದವರು ನಾವು. ಮೇಲಿನ ಚರಿತ್ರೆಯಿಂದ ನಾವು ಮೂರು ಮಾತುಗಳನ್ನು ಆಯ್ದುಕೊಳ್ಳಬಹುದೆಂದು ತೋರುತ್ತದೆ. ಊರಿನ ಮಾತನ್ನು ಕಲಿಯದೆ ಊರಿನ ಕೆಲಸ ಮಾಡುತ್ತೇನೆಂಬವನು ಕ್ಯಾಸಮೇಜರನ ಬಳಪವನ್ನು ನೆನೆಯಲಿ. ಊರಿಗೆ ಬೇಕಾದುದೇನೆಂದು ಕೇಳುವ ಮೊದಲೇ ನಕ್ಷೆ ಬಿಡಿಸುವವನು ಮಲಸಮುದ್ರವನ್ನು ನೆನೆಯಲಿ. ತಾನು ಹೋದ ಮೇಲೂ ಕೆಲಸ ನಿಲ್ಲಬೇಕೆಂಬವನು ೧೮೬೮ರ ಕಾರ್ಖಾನೆಯನ್ನೂ ೧೯೧೪ರ ಶಾಲೆಗಳನ್ನೂ ನೆನೆಯಲಿ.

ಕೊನೆಯದಾಗಿ, ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ಒಂದು ವಿಜ್ಞಾಪನೆ. ಬಂದವರು ಬರೆದರು. ಅವರ ಪತ್ರಗಳು, ವರದಿಗಳು, ಚಿತ್ರಗಳು ಬಾಸೆಲಿನ ಭಂಡಾರದಲ್ಲಿ ಜೋಪಾನವಾಗಿವೆ. ಬರಮಾಡಿಕೊಂಡವರು ಬರೆಯಲಿಲ್ಲ. ಬೆಟ್ಟದ ದಾರಿಯಲ್ಲಿ ಪೆಟ್ಟಿಗೆ ಹೊತ್ತವರು, ಅಡಿಗೆ ಮಾಡಿದವರು, ಕೂಸುಗಳನ್ನು ಆಡಿಸಿದ ದಾದಿಯರು, ಒಂದೊಂದು ಶಬ್ದಕ್ಕೂ ಅರ್ಥ ಹೇಳಿಕೊಟ್ಟ ಮುನ್ಶಿಗಳು, ಹಟ್ಟಿಯ ಜಗಲಿಯಲ್ಲಿ ಕುಳ್ಳಿರಿಸಿ ಮಾತಾಡಿಸಿದ ಹಿರಿಯರು, ಇವರಲ್ಲಿ ಎಷ್ಟು ಮಂದಿಯ ಹೆಸರು ನಮಗೆ ಗೊತ್ತು? ಅವರ ಕಡೆಯ ಕಥೆ ಮನೆಮಾತಿನಲ್ಲಿ, ಅಜ್ಜಿಯರ ನೆನಪಿನಲ್ಲಿ, ಅಡ್ಡಹೆಸರುಗಳಲ್ಲಿ ಅಷ್ಟಿಷ್ಟು ಉಳಿದಿರಬಹುದು. ನೀಲಗಿರಿಯ ಹಟ್ಟಿಗಳಲ್ಲಿ, ಕಾಸರಗೋಡಿನ ಹೊಳೆದಂ­ಡೆಗಳಲ್ಲಿ ಕೆಲಸ ಮಾಡುವ ನಮ್ಮವರು ಶನಿವಾರದ ಮಧ್ಯಾಹ್ನ ಒಂದು ನೋಟುಪುಸ್ತಕ ಹಿಡಿದು ಒಬ್ಬ ಹಿರಿಯರ ಮುಂದೆ ಕುಳಿತರೆ ಸಾಕು, ಅಷ್ಟರ ಮಟ್ಟಿಗೆ ಇತಿಹಾಸದ ಇನ್ನೊಂದು ಅರ್ಧ ಬರೆದಂತಾಗುತ್ತದೆ. ಅದನ್ನು ಬರೆಯಲು ಬಾಸೆಲಿನಿಂದ ಯಾರೂ ಬರಲಾರರು. ಅದು ಮನೆಯವರೇ ಮಾಡಬೇಕಾದ ಕೆಲಸ.